ಬಾಳ್, ಬಾೞ್ ಮತ್ತು ಒಂದು ಹಳದಿ ಗೆರೆ
ಹೀಲಿಯಂ ರೋಹಿತದ ನಿಖರ ಅಳತೆ: ಗ್ರಂಥಸಂಪಾದನೆಯ ವಿದ್ಯಾರ್ಥಿಗಳಿಗೆ ಒಂದು ಪಾಠ

1. ಹತ್ತಿರದ್ದು ಮತ್ತು ಒಂದೇ ಆದದ್ದು

ಹಳಗನ್ನಡದಲ್ಲಿ ‘ಬಾಳ್’ ಎಂದರೆ ಖಡ್ಗ. ‘ಬಾೞ್’ ಎಂದರೆ ಬದುಕು. ಎರಡು ಪದಗಳ ನಡುವಿನ ಅಂತರ ಒಂದೇ ಒಂದು ವ್ಯಂಜನದ್ದು. ಕಾಲಕ್ರಮದಲ್ಲಿ ೞಕಾರವು ಕನ್ನಡದ ಬಳಕೆಯಿಂದ ಜಾರಿತು. ಆ ಬಳಿಕ ಹಳೆಯ ಕಾವ್ಯಗಳನ್ನು ಪ್ರತಿಮಾಡಿದ ಲಿಪಿಕಾರರಲ್ಲಿ ಹಲವರು ಎರಡು ಪದಗಳನ್ನೂ ತಮಗೆ ಪರಿಚಿತವಾದ ಳಕಾರದಿಂದಲೇ ಬರೆದರು. ಅವರಲ್ಲಿ ವಂಚನೆಯ ಉದ್ದೇಶವಿರಲಿಲ್ಲ. ಕಣ್ಣಿಗೆ ಕಂಡದ್ದನ್ನು ತಾವು ಬಲ್ಲ ಅಕ್ಷರಮಾಲೆಯೊಳಗೆ ಓದಿಕೊಂಡರು, ಅಷ್ಟೆ. ಆದರೆ ಅದರಿಂದ ಬದುಕು ಇದ್ದ ಕಡೆ ಖಡ್ಗವೂ ಖಡ್ಗವಿದ್ದ ಕಡೆ ಬದುಕೂ ಬಂದು ನಿಲ್ಲುವ ಸಂಭವ ಒದಗಿತು. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ರಳ, ಕುಳ, ಕ್ಷಳಗಳನ್ನು ಬೇರ್ಪಡಿಸಿ ತೋರಿಸಲು ಅಷ್ಟು ಶ್ರಮವಹಿಸಿದ್ದರ ಬೆಲೆ ಇಲ್ಲಿ ತಿಳಿಯುತ್ತದೆ.

ಓಮಲೂರು, ಸೇಲಂ, ಧರ್ಮಪುರಿಗಳ ಸೀಮೆಯಲ್ಲಿ ಕನ್ನಡವನ್ನು ಐಚ್ಛಿಕವಾಗಿ ಓದುವ ವಿದ್ಯಾರ್ಥಿಗೆ ಈ ಪಾಠ ಬೇರೆ ಕಡೆಯವರಿಗಿಂತ ಸುಲಭ. ಮನೆಯಲ್ಲಿ ಕನ್ನಡವನ್ನೂ ಬೀದಿಯಲ್ಲಿ ತಮಿಳನ್ನೂ ಕೇಳಿ ಬೆಳೆದವರಿಗೆ, ಕತ್ತಿಯನ್ನು ಹೇಳುವ ‘ವಾಳ್’ ಮತ್ತು ಬದುಕುವುದನ್ನು ಹೇಳುವ ‘ವಾೞ್’ ಇಂದಿಗೂ ಬೇರೆ ಬೇರೆ ಪದಗಳೆಂಬುದು ಗೊತ್ತು. ಕನ್ನಡವು ಕಳೆದುಕೊಂಡ ಭೇದವನ್ನು ನೆರೆಯ ಭಾಷೆ ಕಾಪಾಡಿಕೊಂಡಿದೆ. ಎರಡು ಭಾಷೆಗಳ ಗಡಿಯಲ್ಲಿ ನಿಂತವನಿಗೆ ‘ಹೆಚ್ಚುಕಡಿಮೆ ಒಂದೇ’ ಎಂಬ ಮಾತಿನ ಅಪಾಯ ಬೇಗ ತಿಳಿಯುತ್ತದೆ. ಕನ್ನಡದ ‘ಪಾಲು’ ತಮಿಳಿನಲ್ಲಿ ಹಾಲಾಗುತ್ತದೆ. ಉತ್ತರದ ಗಡಿಯ ಜಮಖಂಡಿ, ಬೆಳಗಾವಿಗಳಲ್ಲಿ ಕನ್ನಡದ ‘ಕಾಲ’ ಎಂಬ ಪದವೇ ಮರಾಠಿಯವನ ಬಾಯಲ್ಲಿ ‘ನಿನ್ನೆ’ ಎಂಬ ಅರ್ಥ ಪಡೆಯುತ್ತದೆ.

ಗ್ರಂಥಸಂಪಾದನೆಯ ಪತ್ರಿಕೆಯಲ್ಲಿ ಓದುವ ಮೂರು ಸೂತ್ರಗಳನ್ನು ಇಲ್ಲಿ ನೆನಪಿಗೆ ತಂದುಕೊಳ್ಳಬೇಕು. ಮೊದಲನೆಯದು: ಲಿಪಿಕಾರನು ಅಪರಿಚಿತ ಪದವನ್ನು ಪರಿಚಿತವಾಗಿ ತಿದ್ದಿರುವ ಸಂಭವ ಹೆಚ್ಚು, ಆದ್ದರಿಂದ ಕ್ಲಿಷ್ಟಪಾಠವನ್ನು ಅವಸರದಿಂದ ತಳ್ಳಿಹಾಕಬಾರದು. ಎರಡನೆಯದು: ಎರಡು ಪ್ರತಿಗಳಲ್ಲಿ ಒಂದೇ ವಿಲಕ್ಷಣತೆ ಕಂಡುಬಂದರೆ ಅವು ಒಂದೇ ಮೂಲದಿಂದ ಇಳಿದುಬಂದಿರಬೇಕು. ಮೂರನೆಯದು: ಒಂದೇ ಪ್ರತಿಯನ್ನು ನೆಚ್ಚಿ ಪಾಠನಿರ್ಣಯ ಮಾಡಬಾರದು. ಈ ಮೂರು ಸೂತ್ರಗಳೂ ಹೀಲಿಯಂ ಎಂಬ ಅನಿಲದ ಕಥೆಯಲ್ಲಿ ಒಂದಾದ ಮೇಲೊಂದರಂತೆ ಎದುರಾಗುತ್ತವೆ.

ಸಾಹಿತ್ಯದ ವಿದ್ಯಾರ್ಥಿಗೆ ಪರಮಾಣುವಿನ ಕಥೆ ಯಾಕೆ ಎಂಬ ಪ್ರಶ್ನೆಗೆ ಕನ್ನಡದಲ್ಲಿಯೇ ಒಂದು ಉತ್ತರವಿದೆ. 1918ರಲ್ಲಿ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ಸೇರಿ ‘ವಿಜ್ಞಾನ’ ಮಾಸಪತ್ರಿಕೆಯನ್ನು ಆರಂಭಿಸಿದ ಬೆಳ್ಳಾವೆ ವೆಂಕಟನಾರಣಪ್ಪನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನದ ಅಧ್ಯಾಪಕರಾಗಿದ್ದವರು. ಕನ್ನಡ ಸಾಹಿತ್ಯ ಪರಿಷತ್ತು 1931ರಲ್ಲಿ ಹೊರತಂದ ಪಂಪಭಾರತದ ಪರಿಷ್ಕರಣದಲ್ಲಿ ಮುಂದಾಳಾಗಿದ್ದವರೂ ಅವರೇ. ಮಸೂರದ ಹಿಂದೆ ಕುಳಿತು ಗೆರೆಯನ್ನು ಅಳೆಯುವ ಶಿಸ್ತು ಹಾಗೂ ಓಲೆಗರಿಯ ಅಕ್ಷರವನ್ನು ನಿರ್ಣಯಿಸುವ ಶಿಸ್ತು ಅವರಲ್ಲಿ ಒಟ್ಟಿಗೆ ನೆಲೆಸಿದ್ದವು.

2. ಬೆಳಕಿನ ಲಿಪಿ

ಸೂರ್ಯನ ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿದರೆ ಅದು ಬಣ್ಣಗಳ ಪಟ್ಟಿಯಾಗಿ ಹರಡಿಕೊಳ್ಳುತ್ತದೆ. ಈ ಪಟ್ಟಿಗೆ ರೋಹಿತವೆಂದು ಹೆಸರು; ಅದನ್ನು ನೋಡುವ ಉಪಕರಣ ರೋಹಿತದರ್ಶಕ. ಜರ್ಮನಿಯ ಫ್ರೌನ್‌ಹೋಫರ್ 1814ರ ಸುಮಾರಿಗೆ ಸೂರ್ಯನ ರೋಹಿತದಲ್ಲಿ ನೂರಾರು ಕಪ್ಪು ಗೆರೆಗಳನ್ನು ಗುರುತಿಸಿ, ಮುಖ್ಯವಾದವುಗಳಿಗೆ ಎ, ಬಿ, ಸಿ, ಡಿ ಎಂದು ಅಕ್ಷರಗಳನ್ನೇ ಹೆಸರಾಗಿ ಕೊಟ್ಟನು. ಅವನಿಗೆ ಅವುಗಳ ಅರ್ಥ ತಿಳಿದಿರಲಿಲ್ಲ. ಅಕ್ಷರಗಳು ದೊರೆತಿದ್ದವು, ಭಾಷೆ ದೊರೆತಿರಲಿಲ್ಲ.

ಆ ಭಾಷೆಯ ಕೀಲಿಯನ್ನು 1859–60ರಲ್ಲಿ ಕಿರ್ಕಾಫ್ ಮತ್ತು ಬುನ್ಸೆನ್ ಕಂಡುಕೊಂಡರು. ಪ್ರತಿಯೊಂದು ಧಾತುವೂ ಕಾದಾಗ ತನ್ನದೇ ಆದ ಕೆಲವು ನಿಶ್ಚಿತ ಬಣ್ಣಗಳ ಗೆರೆಗಳನ್ನು ಮಾತ್ರ ಹೊರಸೂಸುತ್ತದೆ. ಉರಿಯುವ ಒಲೆಯ ಮೇಲೆ ಚಿಟಿಕೆ ಉಪ್ಪು ಬಿದ್ದರೆ ಜ್ವಾಲೆ ಹಳದಿಯಾಗುವುದನ್ನು ಅಡುಗೆಮನೆಯಲ್ಲಿ ಯಾರಾದರೂ ನೋಡಬಹುದು. ಅದು ಉಪ್ಪಿನೊಳಗಿನ ಸೋಡಿಯಂನ ಸಹಿ. ಫ್ರೌನ್‌ಹೋಫರನ ಡಿ ಗೆರೆ ಈ ಸೋಡಿಯಂನದೇ ಎಂದು ಸಿದ್ಧವಾಯಿತು. ಚೆನ್ನಾಗಿ ನೋಡಿದರೆ ಡಿ ಎಂಬುದು ಒಂದು ಗೆರೆಯಲ್ಲ, ಜೋಡಿಗೆರೆ. ಡಿ-ಒಂದರ ತರಂಗದೂರ 589.6 ನ್ಯಾನೋಮೀಟರ್, ಡಿ-ಎರಡರದು 589.0. ಒಂದು ನ್ಯಾನೋಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು.

ಹೀಗೆ ಸೂರ್ಯನನ್ನು ಮುಟ್ಟದೆಯೇ ಅದರ ಮೈಯಲ್ಲಿರುವ ಧಾತುಗಳನ್ನು ಓದುವ ವಿದ್ಯೆ ಮಾನವನ ಕೈಸೇರಿತು. ಓದಿಗೆ ಬೇಕಾದ ಅಕ್ಷರಮಾಲೆ ಮಾತ್ರ ಭೂಮಿಯ ಮೇಲೆ ಆವರೆಗೆ ದೊರೆತ ಧಾತುಗಳದಾಗಿತ್ತು. ಅದರಲ್ಲಿಲ್ಲದ ಅಕ್ಷರವೊಂದು ಸೂರ್ಯನಲ್ಲಿ ಕಂಡರೆ ಓದುವವನು ಏನು ಮಾಡಬೇಕು?

3. ಜಮಖಂಡಿಯ ಓದು

1868ರ ಆಗಸ್ಟ್ 18ರಂದು ಖಗ್ರಾಸ ಸೂರ್ಯಗ್ರಹಣದ ನೆರಳು ಭಾರತವನ್ನು ಪಶ್ಚಿಮ ಕರಾವಳಿಯಿಂದ ಪೂರ್ವ ಕರಾವಳಿಯವರೆಗೆ ದಾಟಿತು. ಓಮಲೂರು ಆ ನೆರಳಿನ ಪಟ್ಟಿಗೆ ಬಹಳ ದಕ್ಷಿಣದಲ್ಲಿದ್ದುದರಿಂದ ಇಲ್ಲಿ ಸೂರ್ಯಬಿಂಬ ಪೂರ್ತಿ ಮುಚ್ಚುವಂತಿರಲಿಲ್ಲ. ಆದರೆ ಕನ್ನಡನಾಡಿನ ವಿಜಯಪುರ ಮತ್ತು ಜಮಖಂಡಿಗಳು ಆ ಪಟ್ಟಿಯೊಳಗಿದ್ದವು. ಚಂದ್ರನು ಸೂರ್ಯಬಿಂಬವನ್ನು ಪೂರ್ತಿ ಮರೆಮಾಡಿದಾಗ ಅಂಚಿನಿಂದ ಚಿಮ್ಮುವ ಕೆಂಪು ಜ್ವಾಲೆಗಳು ಕಾಣುತ್ತವೆ. ಅವು ಯಾವ ವಸ್ತುವಿನಿಂದಾದವು ಎಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ಗ್ರಹಣವನ್ನು ರೋಹಿತದರ್ಶಕದಿಂದ ನೋಡಿ ಆ ಪ್ರಶ್ನೆಯನ್ನು ಬಗೆಹರಿಸಲು ದೊರೆತ ಮೊದಲ ದೊಡ್ಡ ಅವಕಾಶ ಇದಾಗಿತ್ತು.

ಲಂಡನ್ನಿನ ರಾಯಲ್ ಸೊಸೈಟಿಯ ಪರವಾಗಿ ಜಮಖಂಡಿಗೆ ಬಂದವನು ಲೆಫ್ಟಿನೆಂಟ್ ಜಾನ್ ಹರ್ಷೆಲ್. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲನ ಮೊಮ್ಮಗ. ಭಾರತದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಯಲ್ಲಿ ಅಧಿಕಾರಿ. ಜಮಖಂಡಿ ಆಗ ಪಟವರ್ಧನ ಮನೆತನದ ಸಂಸ್ಥಾನ: ದರಬಾರಿನ ಬರವಣಿಗೆ ಮರಾಠಿ, ಊರಿನ ಮಾತು ಕನ್ನಡ. ಇಂದು ಅದು ಬಾಗಲಕೋಟೆ ಜಿಲ್ಲೆಯಲ್ಲಿದೆ. ಹರ್ಷೆಲನ ಜೊತೆಗಿದ್ದ ಲೆಫ್ಟಿನೆಂಟ್ ಕ್ಯಾಂಪ್‌ಬೆಲ್ ಬೆಳಕಿನ ಧ್ರುವೀಕರಣವನ್ನು ಪರೀಕ್ಷಿಸುವ ಹೊಣೆ ಹೊತ್ತಿದ್ದನು.

ಪೂರ್ಣಗ್ರಾಸದ ಅವಧಿ ಐದು ನಿಮಿಷಕ್ಕೆ ತುಸು ಹೆಚ್ಚು. ಅದರಲ್ಲೂ ಮೋಡಗಳು ಮಧ್ಯೆ ಬಂದು ಕಾಡಿದವು. ದೊರೆತ ಕೆಲವು ಕ್ಷಣಗಳಲ್ಲಿ ಹರ್ಷೆಲನಿಗೆ ಜ್ವಾಲೆಯ ರೋಹಿತದಲ್ಲಿ ಮೂರು ಉಜ್ವಲ ಗೆರೆಗಳು ಕಂಡವು: ಕೆಂಪು, ಕಿತ್ತಳೆ, ನೀಲಿ. ಕಿತ್ತಳೆ ಗೆರೆಯ ಸ್ಥಾನವನ್ನು ಅಳೆದು, ಅದು ಸೋಡಿಯಂನ ಡಿ ಗೆರೆಯೇ ಎಂದು ಅವನು ತೀರ್ಮಾನಿಸಿದನು. ಈ ತೀರ್ಮಾನದ ಜೊತೆಗೆ ಅವನು ಸೇರಿಸಿದ ಒಂದು ಮಾತು ಸಂಪಾದಕನಾಗುವವನು ನೆನಪಿಡತಕ್ಕದ್ದು: ಇಂಥ ಐಕ್ಯವನ್ನು ಸ್ಥಾಪಿಸಲು ತನ್ನ ಉಪಕರಣಕ್ಕಿರುವ ಶಕ್ತಿಯ ಮಟ್ಟಿಗೆ ಮಾತ್ರ ಇದು ನಿಜ ಎಂಬ ಷರತ್ತನ್ನು ಅವನು ವರದಿಯಲ್ಲಿ ದಾಖಲಿಸಿದನು.

ಅದೇ ದಿನ ವಿಜಯಪುರದಲ್ಲಿದ್ದ ಕ್ಯಾಪ್ಟನ್ ಹೇಗ್‌ಗೆ ಗುಲಾಬಿ ಮತ್ತು ಹೊಂಬಣ್ಣದ ಎರಡು ಪಟ್ಟಿಗಳು ಕಂಡವು. ಗುಂಟೂರಿನಲ್ಲಿ ಮೇಜರ್ ಟೆನೆಂಟ್ ಹಳದಿ ಗೆರೆಯನ್ನು ಡಿ ಎಂದೇ ಓದಿದನು. ಮಛಲೀಪಟ್ಟಣದಲ್ಲಿದ್ದ ಮದ್ರಾಸು ವೀಕ್ಷಣಾಲಯದ ಮುಖ್ಯಸ್ಥ ಪಾಗ್‌ಸನ್, ಗೆರೆ ಡಿಯಲ್ಲಿ ಅಥವಾ ಡಿಯ ಸಮೀಪದಲ್ಲಿ ಇದೆ ಎಂದು ಬರೆದನು. ಅದೇ ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರಿಯವರು ವನಪರ್ತಿಯಿಂದ ಗ್ರಹಣವನ್ನು ನೋಡಿದ ತಂಡದ ಮುಂದಾಳಾಗಿದ್ದರು. 1874ರ ಶುಕ್ರಸಂಕ್ರಮಣವನ್ನು ಕುರಿತು ಅವರು ರಚಿಸಿದ ಕಿರುಹೊತ್ತಗೆ ಕನ್ನಡದಲ್ಲಿಯೂ ಪ್ರಕಟವಾದದ್ದು ಕನ್ನಡ ವಿಜ್ಞಾನಸಾಹಿತ್ಯದ ಚರಿತ್ರೆಯಲ್ಲಿ ಗಮನಿಸಬೇಕಾದ ಸಂಗತಿ.

ಹಳದಿ ಗೆರೆಯನ್ನು ಗುರುತಿಸಲು ಯತ್ನಿಸಿದವರೆಲ್ಲ ಒಂದೇ ಅಕ್ಷರದತ್ತ ಬೆರಳು ತೋರಿಸಿದ್ದೇಕೆ? ಹಳದಿ ಎಂದೊಡನೆ ನೆನಪಿಗೆ ಬರುವುದು ಸೋಡಿಯಂ. ಅಕ್ಷರಮಾಲೆಯಲ್ಲಿ ಆ ಜಾಗದಲ್ಲಿದ್ದ ಅಕ್ಷರ ಅದೊಂದೇ. ೞಕಾರವನ್ನು ಅರಿಯದ ಲಿಪಿಕಾರನು ಳಕಾರವನ್ನು ಬರೆದಂತೆ, ಅವರು ಡಿ ಎಂದು ಬರೆದರು. ಪಾಗ್‌ಸನ್ನನ ‘ಅಥವಾ ಸಮೀಪದಲ್ಲಿ’ ಎಂಬ ಒಂದು ಮಾತಿನಲ್ಲಿ ಮಾತ್ರ ಸಂಶಯಕ್ಕೆ ಬಾಗಿಲು ತೆರೆದಿತ್ತು.

4. ಡಿ-ಮೂರು ಎಂಬ ಹೊಸ ಅಕ್ಷರ

ಗುಂಟೂರಿನಲ್ಲಿದ್ದ ಫ್ರೆಂಚ್ ವಿಜ್ಞಾನಿ ಜಾನ್ಸೆನ್‌ನನ್ನು ಅನೇಕ ಪಠ್ಯಪುಸ್ತಕಗಳು ಹೀಲಿಯಂನ ಶೋಧಕನೆಂದು ಕರೆಯುತ್ತವೆ. ಇದೂ ಕೈಯಿಂದ ಕೈಗೆ ದಾಟಿಬಂದ ಒಂದು ತಪ್ಪುಪಾಠ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಬಿಮನ್ ನಾಥ್ ಅವರು 2013ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಈ ಇತಿಹಾಸವನ್ನು ಮೂಲ ದಾಖಲೆಗಳಿಂದ ಮರುಪರಿಶೀಲಿಸಿದ್ದಾರೆ. ಜಾನ್ಸೆನ್ ಮಾಡಿದ ಕೆಲಸ ಬೇರೆ, ಅದೂ ದೊಡ್ಡದು. ಜ್ವಾಲೆಯ ಗೆರೆಗಳು ಎಷ್ಟು ಉಜ್ವಲವಾಗಿವೆಯೆಂದರೆ ಗ್ರಹಣವಿಲ್ಲದ ದಿನವೂ ಅವುಗಳನ್ನು ನೋಡಬಹುದೆಂದು ಅವನಿಗೆ ಹೊಳೆಯಿತು. ಮರುದಿನವೇ ನೋಡಿ ತೋರಿಸಿದನು. ಐದು ನಿಮಿಷ ಮಾತ್ರ ತೆರೆದು ಮುಚ್ಚಿಹೋಗುತ್ತಿದ್ದ ಹಸ್ತಪ್ರತಿ ಇನ್ನು ದಿನವೂ ತೆರೆದಿರುವಂತಾಯಿತು.

ಇತ್ತ ಇಂಗ್ಲೆಂಡಿನಲ್ಲಿ ನಾರ್ಮನ್ ಲಾಕ್‌ಯರ್ ಸ್ವತಂತ್ರವಾಗಿ ಅದೇ ವಿಧಾನವನ್ನು ಕಂಡುಕೊಂಡು, 1868ರ ಅಕ್ಟೋಬರ್ 20ರಂದು ಜ್ವಾಲೆಯ ಗೆರೆಗಳನ್ನು ನೋಡಿದನು. ಇಬ್ಬರ ಪತ್ರಗಳೂ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯನ್ನು ಒಂದೇ ದಿನ ತಲುಪಿದವು. ಲಾಕ್‌ಯರ್‌ಗೆ ಗ್ರಹಣದ ಅವಸರವಿರಲಿಲ್ಲ. ಸಾವಧಾನವಾಗಿ ಅಳೆದಾಗ ಹಳದಿ ಗೆರೆ ಡಿ-ಒಂದರ ಮೇಲೂ ಬೀಳಲಿಲ್ಲ, ಡಿ-ಎರಡರ ಮೇಲೂ ಬೀಳಲಿಲ್ಲ. ಅದರ ಸ್ಥಾನ 587.6 ನ್ಯಾನೋಮೀಟರ್. ಸೋಡಿಯಂನ ಹತ್ತಿರದ ಗೆರೆಗೂ ಅದಕ್ಕೂ ಇರುವ ಅಂತರ 1.4 ನ್ಯಾನೋಮೀಟರ್, ಶೇಕಡಾ ಕಾಲು ಭಾಗಕ್ಕೂ ಕಡಿಮೆ. ಆ ಗೆರೆಗೆ ಡಿ-ಮೂರು ಎಂದು ಹೆಸರಾಯಿತು.

ಪ್ರಯೋಗಶಾಲೆಯಲ್ಲಿ ಯಾವ ಅನಿಲದಿಂದಲೂ ಆ ಗೆರೆ ಹುಟ್ಟಲಿಲ್ಲ. ಆಗ ಲಾಕ್‌ಯರ್ ಕ್ಲಿಷ್ಟಪಾಠವನ್ನೇ ಒಪ್ಪಿಕೊಂಡು, ಇದು ಭೂಮಿಯಲ್ಲಿ ಕಾಣದ ಧಾತುವೊಂದರ ಗೆರೆ ಎಂದು ಬಗೆದನು. ಸೂರ್ಯನಿಗೆ ಗ್ರೀಕರು ಹೇಳುವ ಹೀಲಿಯಾಸ್ ಎಂಬ ಪದದಿಂದ ಹೀಲಿಯಂ ಎಂಬ ಹೆಸರು ಬಂತು. 1871ರಲ್ಲಿ ವಿಲಿಯಂ ಥಾಮ್ಸನ್ ತನ್ನ ಭಾಷಣವೊಂದರಲ್ಲಿ ಆ ಹೆಸರನ್ನು ಬಳಸಿದನು. ಪದರಚನೆಯ ದೃಷ್ಟಿಯಿಂದ ಇಲ್ಲೊಂದು ಸ್ವಾರಸ್ಯವಿದೆ. ‘ಇಯಂ’ ಎಂಬುದು ಸೋಡಿಯಂ, ಲಿಥಿಯಂಗಳಂಥ ಲೋಹಗಳಿಗೆ ಸಲ್ಲುವ ಪ್ರತ್ಯಯ. ಹೀಲಿಯಂನ ಬಂಧುಗಳಾದ ನಿಯಾನ್, ಆರ್ಗಾನ್, ಕ್ರಿಪ್ಟಾನ್‌ಗಳಿಗೆ ‘ಆನ್’ ಎಂಬ ಕೊನೆಯಿದೆ. ಹೊಸ ಧಾತು ಲೋಹವಿರಬಹುದೆಂಬ ಊಹೆಯ ಕಾಲದಲ್ಲಿ ಅಂಟಿದ ಪ್ರತ್ಯಯ ಊಹೆ ಸುಳ್ಳಾದ ಮೇಲೂ ಹೆಸರಿನಲ್ಲಿ ಉಳಿದುಕೊಂಡಿದೆ.

5. ಭೂಮಿಯಲ್ಲಿ ದೊರೆತ ಪ್ರತಿ

ಸುಮಾರು ಇಪ್ಪತ್ತೇಳು ವರ್ಷ ಹೀಲಿಯಂ ಎಂಬುದು ಒಂದೇ ಪ್ರತಿಯಲ್ಲಿ ದೊರೆತ ಪದವಾಗಿತ್ತು. ಅನೇಕರು ಅದನ್ನು ನಂಬಲಿಲ್ಲ. ಹಾಗೆ ನಂಬದಿರಲು ಅವರಿಗೆ ಕಾರಣವೂ ಇತ್ತು. 1895ರ ಮಾರ್ಚ್‌ನಲ್ಲಿ ಲಂಡನ್ನಿನ ವಿಲಿಯಂ ರಾಮ್ಸೆ, ಕ್ಲೀವೈಟ್ ಎಂಬ ಯುರೇನಿಯಂ ಖನಿಜವನ್ನು ಆಮ್ಲದಲ್ಲಿ ಕಾಯಿಸಿ ಬಂದ ಅನಿಲದಲ್ಲಿ ಒಂದು ಹಳದಿ ಗೆರೆಯನ್ನು ಕಂಡನು. ಕ್ರೂಕ್ಸ್ ಅದನ್ನು ಅಳೆದು ಡಿ-ಮೂರು ಎಂದು ಖಚಿತಪಡಿಸಿದನು.

ಆದರೆ ಜರ್ಮನಿಯ ರುಂಗೆ ಇನ್ನೂ ಸೂಕ್ಷ್ಮವಾಗಿ ನೋಡಿದಾಗ ತೊಡಕೊಂದು ಎದ್ದಿತು. ಖನಿಜದಿಂದ ಬಂದ ಅನಿಲದ ಹಳದಿ ಗೆರೆ ಒಂಟಿಯಲ್ಲ. ಪ್ರಬಲವಾದ ಒಂದರ ಪಕ್ಕದಲ್ಲಿ ಮಂಕಾದ ಇನ್ನೊಂದಿತ್ತು. ಅವುಗಳ ಅಂತರ ಸುಮಾರು 0.035 ನ್ಯಾನೋಮೀಟರ್. ಸೂರ್ಯನ ಡಿ-ಮೂರಾದರೋ ಒಂಟಿಗೆರೆಯೆಂದೇ ಎಣಿಸಲಾಗಿತ್ತು. ಎರಡೂ ಬೇರೆ ಬೇರೆ ವಸ್ತುಗಳಾಗಿದ್ದರೆ? ಆಗ ಖಗೋಳವಿಜ್ಞಾನಿಗಳು ಸೂರ್ಯನ ಗೆರೆಯನ್ನು ಮತ್ತೆ ಹೆಚ್ಚಿನ ಶಕ್ತಿಯ ಉಪಕರಣಗಳಿಂದ ನೋಡಿದರು. ಅಲ್ಲಿಯೂ ಅದೇ ಮಂಕು ಸಂಗಾತಿ ಕಾಣಿಸಿಕೊಂಡಿತು. ಎರಡು ಪ್ರತಿಗಳಲ್ಲಿ ಒಂದೇ ವಿಲಕ್ಷಣತೆ ಕಂಡಾಗ ಮೂಲ ಒಂದೇ ಎಂದು ಹೇಳುವ ಎರಡನೆಯ ಸೂತ್ರ ಇಲ್ಲಿ ಕೆಲಸ ಮಾಡಿತು. ತೊಡಕಾಗಿ ಬಂದ ಸೂಕ್ಷ್ಮವೇ ಕೊನೆಗೆ ಸಾಕ್ಷಿಯಾಯಿತು.

6. ಎರಡು ಎಲೆಕ್ಟ್ರಾನುಗಳ ವ್ಯಾಕರಣ

ಪರಮಾಣುವಿನಲ್ಲಿ ಎಲೆಕ್ಟ್ರಾನು ಕೆಲವು ನಿಶ್ಚಿತ ಶಕ್ತಿಮಟ್ಟಗಳಲ್ಲಿ ಮಾತ್ರ ಇರಬಲ್ಲದು. ಮೇಲಿನ ಮಟ್ಟದಿಂದ ಕೆಳಗಿನದಕ್ಕೆ ಇಳಿದಾಗ ಆ ಎರಡರ ವ್ಯತ್ಯಾಸದಷ್ಟು ಶಕ್ತಿ ಬೆಳಕಾಗಿ ಹೊರಬರುತ್ತದೆ. ಈ ನೆಗೆತಕ್ಕೆ ಸಂಕ್ರಮಣವೆಂದು ಹೆಸರು. ಪ್ರತಿಯೊಂದು ಗೆರೆಯೂ ಒಂದು ಸಂಕ್ರಮಣದ ದಾಖಲೆ.

ಹೈಡ್ರೋಜನ್ನಿನಲ್ಲಿ ಇರುವುದು ಒಂದೇ ಎಲೆಕ್ಟ್ರಾನು. ಅದರ ಮೂಲ ಸಮೀಕರಣವನ್ನು ಪೂರ್ತಿಯಾಗಿ ಬಿಡಿಸಬಹುದು. ಹೀಲಿಯಂನಲ್ಲಿ ಎರಡು ಎಲೆಕ್ಟ್ರಾನುಗಳಿವೆ. ಅವು ನ್ಯೂಕ್ಲಿಯಸ್ಸಿನ ಸೆಳೆತಕ್ಕೂ ಪರಸ್ಪರ ತಳ್ಳಾಟಕ್ಕೂ ಏಕಕಾಲದಲ್ಲಿ ಒಳಗಾಗಿರುವುದರಿಂದ ಸಮೀಕರಣಕ್ಕೆ ಒಂದೇ ಸಾಲಿನ ಉತ್ತರ ದೊರೆಯುವುದಿಲ್ಲ, ಹಂತಹಂತವಾಗಿ ಸಮೀಪಿಸಬೇಕು. ಅಲ್ಲದೆ ಹೀಲಿಯಂನ ಗೆರೆಗಳು ಒಂದರೊಡನೊಂದು ಬೆರೆಯದ ಎರಡು ಬಳಗಗಳಾಗಿ ಒಡೆದಿದ್ದವು. ರುಂಗೆ ಮತ್ತು ಪಾಶೆನ್ ಇದನ್ನು ಕಂಡು, ಹೀಲಿಯಂ ಎರಡು ಅನಿಲಗಳ ಮಿಶ್ರಣವಿರಬಹುದೆಂದೇ ಶಂಕಿಸಿದ್ದರು. 1926ರಲ್ಲಿ ಹೈಸೆನ್‌ಬರ್ಗ್ ಒಗಟನ್ನು ಬಿಡಿಸಿದನು. ಎರಡು ಎಲೆಕ್ಟ್ರಾನುಗಳ ಭ್ರಮಣೆ, ಅಂದರೆ ಅವುಗಳ ಒಳಗಿನ ಸುತ್ತಿನ ಗುಣ, ಒಂದೇ ದಿಕ್ಕಿನಲ್ಲಿದ್ದರೆ ಒಂದು ಬಳಗ. ವಿರುದ್ಧ ದಿಕ್ಕಿನಲ್ಲಿದ್ದರೆ ಇನ್ನೊಂದು. 1929ರಲ್ಲಿ ನಾರ್ವೆಯ ಹಿಲೆರಾಸ್ ಹೀಲಿಯಂನ ಶಕ್ತಿಯನ್ನು ಬಹಳ ನಿಖರವಾಗಿ ಲೆಕ್ಕಹಾಕಿ ಹೊಸ ಸಿದ್ಧಾಂತದ ಬಲವನ್ನು ತೋರಿಸಿದನು.

ರುಂಗೆಗೆ ಕಂಡ ಮಂಕು ಸಂಗಾತಿಯ ಅರ್ಥವೂ ಈಗ ತಿಳಿಯಿತು. ಡಿ-ಮೂರು ಗೆರೆ ಹುಟ್ಟುವಾಗ ಎಲೆಕ್ಟ್ರಾನು ಬಂದು ಇಳಿಯುವ ಮಟ್ಟ ಮೂರು ಉಪಮಟ್ಟಗಳಾಗಿ ಸೀಳಿದೆ. ಒಂದು ಅಂತರ ಆವೃತ್ತಿಯಲ್ಲಿ ಹೇಳುವುದಾದರೆ ಸುಮಾರು 29.6 ಗಿಗಾಹರ್ಟ್ಜ್, ರುಂಗೆ ನೋಡಿದ್ದು ಇದನ್ನೇ. ಇನ್ನೊಂದು ಕೇವಲ 2.29 ಗಿಗಾಹರ್ಟ್ಜ್. ಈ ಎರಡನೆಯ ಸೀಳು ಸಾಮಾನ್ಯ ದೀಪದ ಬೆಳಕಿನಲ್ಲಿ ಮುಚ್ಚಿಹೋಗುತ್ತದೆ. ಅದರ ಕಾರಣವನ್ನು ತಿಳಿದರೆ ಲೇಸರಿನ ಅಗತ್ಯವೂ ತಿಳಿಯುತ್ತದೆ.

7. ಮಸುಕನ್ನು ಒರೆಸುವುದು, ಎಳೆಯನ್ನು ಎಣಿಸುವುದು

ದೀಪದೊಳಗಿನ ಹೀಲಿಯಂ ಪರಮಾಣುಗಳು ಸುಮ್ಮನೆ ನಿಂತಿರುವುದಿಲ್ಲ. ಸಾಮಾನ್ಯ ಉಷ್ಣತೆಯಲ್ಲಿ ಅವು ಸೆಕೆಂಡಿಗೆ ಒಂದು ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ಎಲ್ಲ ದಿಕ್ಕುಗಳಲ್ಲಿ ಓಡುತ್ತಿರುತ್ತವೆ. ಹತ್ತಿರ ಬರುವ ರೈಲಿನ ಸಿಳ್ಳು ಏರುಶ್ರುತಿಯಲ್ಲಿ, ದೂರ ಸರಿಯುವಾಗ ಇಳಿಶ್ರುತಿಯಲ್ಲಿ ಕೇಳುವಂತೆ, ಓಡುವ ಪರಮಾಣುವಿನ ಬೆಳಕಿನ ಆವೃತ್ತಿಯೂ ಏರಿಳಿಯುತ್ತದೆ. ಇದು ಡಾಪ್ಲರ್ ಪರಿಣಾಮ. ಅದರಿಂದ ಡಿ-ಮೂರು ಗೆರೆ ಸುಮಾರು 3 ಗಿಗಾಹರ್ಟ್ಜ್ ಅಗಲಕ್ಕೆ ಮಸುಕಾಗುತ್ತದೆ. 2.29 ಗಿಗಾಹರ್ಟ್ಜ್‌ನ ಸೀಳು ಈ ಮಸುಕಿನೊಳಗೆ ಮುಳುಗುತ್ತದೆ: ಶಾಯಿ ಹರಡಿದ ಕಾಗದದಲ್ಲಿ ಎರಡು ಅಕ್ಷರಗಳು ಕೂಡಿಕೊಂಡಂತೆ.

ಈ ಮಸುಕನ್ನು ನೀಗಲು ಒಂದು ಜಾಣ ಉಪಾಯವಿದೆ. ಒಂದೇ ಆವೃತ್ತಿಯ ಎರಡು ಲೇಸರ್ ಕಿರಣಗಳನ್ನು ಅನಿಲದ ಮೂಲಕ ಎದುರುಬದುರಾಗಿ ಹಾಯಿಸುತ್ತಾರೆ. ಬಲಕ್ಕೆ ಓಡುವ ಪರಮಾಣುವಿಗೆ ಒಂದು ಕಿರಣ ಏರಿದಂತೆ, ಇನ್ನೊಂದು ಇಳಿದಂತೆ ತೋರುತ್ತದೆ. ಎಡಕ್ಕೆ ಓಡುವುದಕ್ಕೆ ತಿರುಗುಮುರುಗು. ಕಿರಣದ ದಿಕ್ಕಿನಲ್ಲಿ ಚಲನೆಯೇ ಇಲ್ಲದ ಪರಮಾಣುವಿಗೆ ಮಾತ್ರ ಎರಡೂ ಒಂದೇ. ಎರಡು ಕಿರಣಗಳನ್ನೂ ಒಟ್ಟಿಗೆ ಹೀರುವುದು ಅದೊಂದೇ. ಹಾಗಾಗಿ ಅಗಲವಾದ ಮಸುಕಿನ ನಡುವೆ ನಿಂತ ಪರಮಾಣುವಿನ ಸಹಿ ಚೂಪಾದ ಕುಳಿಯಾಗಿ ಎದ್ದು ಕಾಣುತ್ತದೆ. ಡಿ-ಮೂರರಲ್ಲಿ ಅದು ಮಸುಕಿಗಿಂತ ನೂರಾರು ಪಟ್ಟು ಕಿರಿದು.

ಗೆರೆಯನ್ನು ಚೂಪುಗೊಳಿಸಿದ ಮೇಲೆ ಅದರ ಸ್ಥಾನವನ್ನು ಅಳೆಯಬೇಕು. ಡಿ-ಮೂರರ ಬೆಳಕು ಸೆಕೆಂಡಿಗೆ ಸುಮಾರು 510 ಲಕ್ಷ ಕೋಟಿ ಸಲ ಕಂಪಿಸುತ್ತದೆ. ಅಷ್ಟನ್ನು ನೇರವಾಗಿ ಎಣಿಸುವ ಯಂತ್ರವಿಲ್ಲ. ಇಲ್ಲಿ ನೆರವಿಗೆ ಬಂದದ್ದು ಆವೃತ್ತಿ ಹಣಿಗೆ. ಸೇಲಂ ಸೀಮೆಯ ಕನ್ನಡ ನುಡಿಯುವ ದೇವಾಂಗ ನೇಕಾರರ ಮಗ್ಗವನ್ನು ನೋಡಿದವರಿಗೆ ಇದು ಹೊಸ ಕಲ್ಪನೆಯಲ್ಲ. ಮಗ್ಗದ ಹಣಿಗೆಯ ಹಲ್ಲುಗಳು ಸಮಾನ ಅಂತರದಲ್ಲಿರುತ್ತವೆ. ಹಾಸಿನ ಯಾವ ಎಳೆ ಎಲ್ಲಿದೆ ಎಂದು ಹೇಳಲು ಹಲ್ಲುಗಳನ್ನು ಎಣಿಸಿದರೆ ಸಾಕು. ಅತಿ ಕಿರಿದಾದ ಮಿಂಚುಗಳನ್ನು ಒಂದೇ ಲಯದಲ್ಲಿ ಹೊರಡಿಸುವ ವಿಶೇಷ ಲೇಸರಿನ ರೋಹಿತವೂ ಹೀಗೆಯೇ ಸಮಾನಾಂತರದ ಲಕ್ಷಾಂತರ ಗೆರೆಗಳ ಹಣಿಗೆಯಾಗಿರುತ್ತದೆ. ಹಲ್ಲುಗಳ ಅಂತರವನ್ನು ಸೀಸಿಯಂ ಗಡಿಯಾರಕ್ಕೆ ಬಿಗಿದರೆ, ಅಪರಿಚಿತ ಗೆರೆ ಯಾವ ಹಲ್ಲಿನಿಂದ ಎಷ್ಟು ದೂರವಿದೆ ಎಂಬುದರಿಂದಲೇ ಅದರ ಆವೃತ್ತಿ ತಿಳಿಯುತ್ತದೆ. ಈ ಸಾಧನದ ವಿಕಾಸಕ್ಕೆ ಕೊಟ್ಟ ಕಾಣಿಕೆಗಾಗಿ ಜಾನ್ ಹಾಲ್ ಮತ್ತು ಥಿಯೊಡೋರ್ ಹೆನ್ಶ್ 2005ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು.

8. ಅಂಕಿಗಳ ಕೊನೆಯಲ್ಲಿ ಏನಿದೆ?

ದಶಮಾಂಶದ ಬಲಕ್ಕೆ ಇನ್ನೊಂದು ಅಂಕಿ ಸೇರಿಸಿದರೆ ಆಗುವ ಲಾಭವೇನೆಂದು ಕೇಳಬಹುದು. ಹೀಲಿಯಂನ ವಿಷಯದಲ್ಲಿ ಒಂದೊಂದು ಅಂಕಿಯೂ ಒಂದೊಂದು ಹೊಸ ಸಂಗತಿಯನ್ನು ನುಡಿದಿದೆ. ಮೂರನೆಯ ಅಂಕಿ ಹೊಸ ಧಾತುವನ್ನು ಕೊಟ್ಟಿತು. ಐದನೆಯದು ಸೂರ್ಯನ ಹೀಲಿಯಂ ಮತ್ತು ಖನಿಜದ ಹೀಲಿಯಂ ಒಂದೇ ಎಂದು ಸಾರಿತು. ಉಪಮಟ್ಟಗಳ ಸೀಳಿನ ಗಾತ್ರವನ್ನು ನಿರ್ಣಯಿಸುವುದು ಬೆಳಕು ಮತ್ತು ವಿದ್ಯುದಂಶಗಳ ನಂಟಿನ ಬಲವನ್ನು ಹೇಳುವ, ಸುಮಾರು 137ರಲ್ಲಿ ಒಂದು ಪಾಲಿನಷ್ಟಿರುವ, ಸೂಕ್ಷ್ಮರಚನಾ ಸ್ಥಿರಾಂಕ. ಆದ್ದರಿಂದ ಸೀಳನ್ನು ಅಳೆದರೆ ಸ್ಥಿರಾಂಕ ದೊರೆಯುತ್ತದೆಂದು ಚಾರ್ಲ್ಸ್ ಶ್ವಾರ್ಟ್ಜ್ 1964ರಲ್ಲಿ ಸೂಚಿಸಿದನು. ಕೆನಡಾದ ಯಾರ್ಕ್ ವಿಶ್ವವಿದ್ಯಾಲಯದ ತಂಡ 2018ರಲ್ಲಿ ಸೂಕ್ಷ್ಮತರಂಗಗಳ ವಿಧಾನದಿಂದ ಅಳೆದಾಗ, 229 ಕೋಟಿ ಹರ್ಟ್ಜ್‌ಗಳಷ್ಟಿರುವ ಆ ಕಿರಿಯ ಸೀಳಿನಲ್ಲಿ ಉಳಿದ ಅನಿಶ್ಚಿತತೆ 25 ಹರ್ಟ್ಜ್ ಮಾತ್ರ.

ಇನ್ನೂ ಬಲಕ್ಕೆ ಹೋದರೆ ನ್ಯೂಕ್ಲಿಯಸ್ಸಿನ ಗಾತ್ರವೇ ಗೆರೆಯ ಸ್ಥಾನದಲ್ಲಿ ಕಾಣಿಸಿಕೊಳ್ಳುತ್ತದೆ. ಅಮೆರಿಕದ ಆರ್ಗಾನ್ ಪ್ರಯೋಗಾಲಯದಲ್ಲಿ 2004ರಲ್ಲಿ ಹೀಲಿಯಂ-6 ಎಂಬ ಅಲ್ಪಾಯುಷಿ ಪ್ರಭೇದದ ಪರಮಾಣುಗಳನ್ನು ಲೇಸರ್ ಬೆಳಕಿನ ಬಲೆಯಲ್ಲಿ ಹಿಡಿದು ಅಳೆದರು. ಆ ನ್ಯೂಕ್ಲಿಯಸ್ ಒಂದು ಸೆಕೆಂಡಿನೊಳಗೇ ಅರ್ಧದಷ್ಟು ಕ್ಷಯಿಸುತ್ತದೆ. ಅದರ ಹೆಚ್ಚುವರಿ ಎರಡು ನ್ಯೂಟ್ರಾನುಗಳು ನಡುವಿನ ತಿರುಳಿನಿಂದ ದೂರದಲ್ಲಿ ಪ್ರಭಾವಳಿಯಂತೆ ಹರಡಿಕೊಂಡಿರುವುದಕ್ಕೆ ಆ ಅಳತೆ ಬೆಂಬಲ ನೀಡಿತು. ಸ್ವಿಟ್ಜರ್ಲೆಂಡಿನ ಪಾಲ್ ಶೆರರ್ ಸಂಸ್ಥೆಯಲ್ಲಿ, ಎಲೆಕ್ಟ್ರಾನಿನ ಬದಲು ಅದಕ್ಕಿಂತ ಸುಮಾರು ಇನ್ನೂರು ಪಟ್ಟು ಭಾರವಾದ ಮ್ಯೂಆನನ್ನು ಇರಿಸಿ ನಡೆಸಿದ ಪ್ರಯೋಗದಿಂದ ಸಾಮಾನ್ಯ ಹೀಲಿಯಂ ನ್ಯೂಕ್ಲಿಯಸ್ಸಿನ ವಿದ್ಯುದಂಶ ತ್ರಿಜ್ಯ 1.678 ಫೆಮ್ಟೋಮೀಟರ್ ಎಂದು 2021ರಲ್ಲಿ ಪ್ರಕಟವಾಯಿತು. ಫೆಮ್ಟೋಮೀಟರ್ ಎಂದರೆ ನ್ಯಾನೋಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು.

ಜಮಖಂಡಿಯಲ್ಲಿ ಕಂಡ ಹಳದಿ ಗೆರೆಯ ಓದು ಮಾತ್ರ ಇನ್ನೂ ಮುಗಿದಿಲ್ಲ. ತೈವಾನಿನ ಸಂಶೋಧಕರು ಆ ಡಿ-ಮೂರು ಗೆರೆಯನ್ನೇ ಲೇಸರ್ ಮತ್ತು ಆವೃತ್ತಿ ಹಣಿಗೆಗಳಿಂದ ಅಳೆದು 2016ರಲ್ಲಿ ಪ್ರಕಟಿಸಿದರು. 2021ರಲ್ಲಿ ಪಾಟ್ಕೋಶ್, ಯೆರೋಖಿನ್, ಪಾಖುಟ್ಸ್ಕಿ ಎಂಬ ಸಿದ್ಧಾಂತಿಗಳು ಹೀಲಿಯಂನ ಶಕ್ತಿಮಟ್ಟಗಳ ಲೆಕ್ಕವನ್ನು ಹಿಂದೆಂದಿಗಿಂತ ಸೂಕ್ಷ್ಮವಾಗಿ ಮಾಡಿದರು. ಚೀನದ ಹೆಫೆಯಲ್ಲಿ 2017ರಲ್ಲಿ ಅಳೆದ ಅವಕೆಂಪು ಗೆರೆಯೊಂದರ ಜೊತೆ ಆ ಲೆಕ್ಕ ಚೆನ್ನಾಗಿ ಹೊಂದಿತು. ಡಿ-ಮೂರು ಸಂಕ್ರಮಣದ ಜೊತೆ ಹೊಂದಲಿಲ್ಲ. ಅಳತೆಯ ಅನಿಶ್ಚಿತತೆಯಿಂದ ವಿವರಿಸಲಾಗದಷ್ಟು ವ್ಯತ್ಯಾಸ ಉಳಿಯಿತು. ಲೆಕ್ಕದಲ್ಲಿ ಏನೋ ಬಿಟ್ಟುಹೋಗಿದೆಯೆ, ಪ್ರಯೋಗದಲ್ಲಿ ಗುರುತಿಸದ ದೋಷವಿದೆಯೆ, ಅಥವಾ ಅಕ್ಷರಮಾಲೆಯಲ್ಲಿಲ್ಲದ ಇನ್ನೊಂದು ಅಕ್ಷರ ಅಲ್ಲಿದೆಯೆ? ಸಿದ್ಧಾಂತಿಗಳು ತಮ್ಮ ಲೇಖನದ ಸಾರಾಂಶದಲ್ಲಿಯೇ ಹೊಂದಾಣಿಕೆಯನ್ನೂ ಹೊಂದದಿರುವುದನ್ನೂ ಅಕ್ಕಪಕ್ಕದಲ್ಲಿ ಬರೆದಿದ್ದಾರೆ. ಒಳ್ಳೆಯ ಸಂಪಾದಕನು ಬಗೆಹರಿಯದ ಪಾಠಾಂತರವನ್ನು ಅಡಿಟಿಪ್ಪಣಿಯಲ್ಲಿ ಕಾದಿರಿಸುವುದೂ ಹೀಗೆಯೇ.

9. ಹೋಲಿಕೆಯ ಮಿತಿ ಮತ್ತು ಪಾಠದ ತಿರುಳು

ಹೋಲಿಕೆಯನ್ನು ಅದರ ಮಿತಿ ಅರಿತು ಬಳಸಬೇಕು. ಪಂಪನ ಸ್ವಹಸ್ತಪ್ರತಿ ಇಂದು ಇಲ್ಲ. ಉಳಿದ ಪ್ರತಿಗಳಿಂದ ಅದನ್ನು ಊಹಿಸಬೇಕು. ಹೀಲಿಯಂ ಪರಮಾಣುವಾದರೋ ಮೂಲಪ್ರತಿಯೇ ಆಗಿ ಎಲ್ಲ ಕಾಲದಲ್ಲಿಯೂ ಎಲ್ಲ ದೇಶದಲ್ಲಿಯೂ ದೊರೆಯುತ್ತದೆ. ಭೌತವಿಜ್ಞಾನಿ ತಪ್ಪಿದರೆ ಮತ್ತೆ ಅಳೆಯಬಹುದು. ಸಂಪಾದಕನು ‘ಬಾೞ್’ ಅನ್ನು ‘ಬಾಳ್’ ಎಂದು ಅಚ್ಚುಹಾಕಿ, ಇದ್ದ ಒಂದೇ ಓಲೆ ಹುಳು ತಿಂದುಹೋದರೆ, ಆ ಭೇದ ಮತ್ತೆ ದೊರೆಯಲಾರದು. ಆದ್ದರಿಂದ ನಿಖರತೆಯ ಹೊಣೆ ಪ್ರಯೋಗಶಾಲೆಗಿಂತ ಕನ್ನಡದ ವಿದ್ಯಾರ್ಥಿಗೇ ಹೆಚ್ಚು.

ಧರ್ಮಪುರಿಯ ಸೀಮೆಯಲ್ಲಿ ನೊಳಂಬರ ಕಾಲದ ಕನ್ನಡ ಶಾಸನಗಳಿವೆ. ಸವೆದ ಕಲ್ಲಿನ ಮುಂದೆ ಕುಳಿತು ಅಕ್ಷರ ಗುರುತಿಸುವ ವಿದ್ಯಾರ್ಥಿಗೆ ಜಮಖಂಡಿಯ ಹರ್ಷೆಲನ ವರದಿ ಎರಡು ಪಾಠಗಳನ್ನು ಒಟ್ಟಿಗೆ ಕಲಿಸುತ್ತದೆ. ಅವನ ಓದು ತಪ್ಪಾಗಿತ್ತು. ಆದರೆ ತನ್ನ ಸಾಧನದ ಶಕ್ತಿ ಎಲ್ಲಿಯವರೆಗೆ ಎಂದು ಅವನು ಬರೆದಿಟ್ಟಿದ್ದರಿಂದ, ಮುಂದಿನವರಿಗೆ ತಿದ್ದುವ ದಾರಿ ತೆರೆದಿತ್ತು. ಓದಿದ ಅಕ್ಷರದ ಜೊತೆಗೆ, ಅದನ್ನು ಎಷ್ಟು ಬೆಳಕಿನಲ್ಲಿ, ಎಷ್ಟು ಖಚಿತವಾಗಿ ಓದಿದೆ ಎಂಬುದನ್ನೂ ಬರೆದಿಡುವುದು ಕಲ್ಲಿನ ಮುಂದೆ ಕುಳಿತವರಿಗೂ ಸಲ್ಲುವ ಧರ್ಮ.

ಅಭ್ಯಾಸ

1. ‘ಬಾಳ್’, ‘ಬಾೞ್’ ಪದಗಳಂತೆ ಳ–ೞ ಭೇದದಿಂದ ಅರ್ಥ ಬದಲಾಗುವ ಮೂರು ಜೋಡಿಗಳನ್ನು ನಿಘಂಟಿನ ನೆರವಿನಿಂದ ಆರಿಸಿ, ತಮಿಳಿನಲ್ಲಿ ಅವುಗಳ ಸಮಾನರೂಪಗಳಿದ್ದರೆ ಬರೆಯಿರಿ.

2. 1868ರಲ್ಲಿ ಹಳದಿ ಗೆರೆಯನ್ನು ಹರ್ಷೆಲ್ ಮತ್ತು ಪಾಗ್‌ಸನ್ ವರದಿಮಾಡಿದ ಬಗೆಗಳನ್ನು ಹೋಲಿಸಿ. ಒಳ್ಳೆಯ ಪಾಠಟಿಪ್ಪಣಿಯ ಲಕ್ಷಣಗಳು ಯಾರಲ್ಲಿ ಹೇಗೆ ಕಾಣುತ್ತವೆ?

3. ಸೂರ್ಯನ ಗೆರೆ ಮತ್ತು ಖನಿಜದ ಅನಿಲದ ಗೆರೆ ಒಂದೇ ಎಂದು ಸಿದ್ಧವಾದದ್ದು ಹೇಗೆ? ಹಸ್ತಪ್ರತಿಗಳ ವಂಶವೃಕ್ಷವನ್ನು ರಚಿಸುವ ಕ್ರಮಕ್ಕೆ ಇದನ್ನು ಅನ್ವಯಿಸಿ.

4. ರೋಹಿತ, ಸಂಕ್ರಮಣ, ಆವೃತ್ತಿ, ಹಣಿಗೆ ಎಂಬ ಪದಗಳ ಲೋಕರೂಢಿಯ ಅರ್ಥ ಹಾಗೂ ಶಾಸ್ತ್ರಾರ್ಥಗಳನ್ನು ಬೇರ್ಪಡಿಸಿ ಬರೆಯಿರಿ. ಇವುಗಳಲ್ಲಿ ಯಾವುದು ನಿಮ್ಮ ಮನೆಮಾತಿನಲ್ಲಿ ಬಳಕೆಯಲ್ಲಿದೆ?

5. ನಿಮ್ಮ ಊರಿನ ಸಮೀಪದ ಯಾವುದಾದರೂ ಶಾಸನದ ಐದು ಸಾಲುಗಳನ್ನು ಓದಿ, ಖಚಿತವಾದ ಅಕ್ಷರ, ಸಂಶಯದ ಅಕ್ಷರ, ನಷ್ಟವಾದ ಅಕ್ಷರ ಎಂದು ಮೂರು ಬಗೆಯಾಗಿ ಗುರುತುಮಾಡಿ ತನ್ನಿರಿ.